ದೊಡ್ಡ ತೆನೆಯೇ ಒಳ್ಳೆ ತೆನೆಯಾ?

ಪೇಪರಿನಲ್ಲಿ ಹೊಸ ತಳಿಯ ಸುದ್ದಿ ಬಂದಾಗ ಗಮನಿಸಿ ನೋಡಿ. ಅದರಲ್ಲಿ ಮೂರೇ ಮೂರು ವಿಷಯ ಇರುತ್ತೆ: ಎಷ್ಟು ದಿನಕ್ಕೆ ಕಟಾವು, ಎಕರೆಗೆ ಎಷ್ಟು ಕ್ವಿಂಟಾಲ್, ಯಾವ ರೋಗ ತಡೆಯುತ್ತೆ. ಪಕ್ಕದಲ್ಲಿ ಒಂದು ಫೋಟೋ. ಯಾರೋ ಒಬ್ಬರು ದಪ್ಪನೆಯ ತೆನೆಯನ್ನ ಮಗು ಎತ್ತಿಕೊಂಡ ಹಾಗೆ ಹಿಡಿದುಕೊಂಡು ನಿಂತಿರ್ತಾರೆ. ಆ ತೆನೆ ಒತ್ತಾಗಿದೆಯಾ ಬಿಡಿಯಾಗಿದೆಯಾ, ನೆಟ್ಟಗಿದೆಯಾ ಬಾಗಿದೆಯಾ, ಮೀಸೆ ಇದೆಯಾ ಬೋಳಾ... ಇದರ ಬಗ್ಗೆ ಒಂದಕ್ಷರ ಇರಲ್ಲ. ದಪ್ಪ ಇದೆ, ಅಷ್ಟು ಸಾಕು.

ನನ್ನ ತಕರಾರು ಇರೋದೇ ಇಲ್ಲಿ. ತೆನೆಯ ಆಕಾರ ಅನ್ನೋದು ಅಲಂಕಾರ ಅಲ್ಲ. ಆ ಗಿಡ ಯಾವ ಊರಿಂದ ಬಂತು, ಅಲ್ಲಿ ಮಳೆ ಯಾವಾಗ ನಿಲ್ತಿತ್ತು, ಯಾವ ಹಕ್ಕಿ ಬರ್ತಿತ್ತು, ಯಾವ ಜನ ಅದನ್ನ ಆರಿಸಿ ಮಡಗಿದ್ರು ಅನ್ನೋದೆಲ್ಲ ಅದರಲ್ಲಿದೆ. ಕ್ವಿಂಟಾಲ್ ಲೆಕ್ಕ ಒಂದೇ ಹಿಡಿದು ತಳಿ ಆರಿಸಿದರೆ ಇದೆಲ್ಲ ಕೈ ಬಿಟ್ಟು ಹೋಗುತ್ತೆ. ಅಷ್ಟೇ ಅಲ್ಲ, ಎಷ್ಟೋ ಸಲ ಆ ಕ್ವಿಂಟಾಲೂ ಸಿಗಲ್ಲ. ಸ್ವಲ್ಪ ಉದ್ದದ ಬರಹ, ಪುರುಸೊತ್ತಿದ್ದರೆ ಓದಿ.

ಮೊದಲು ಒಂದು ಪ್ರಶ್ನೆ. ಗರಿಕೆ ಹೂ ಬಿಟ್ಟಿದ್ದನ್ನ ನೋಡಿದ್ದೀರಾ? ಗಣೇಶನ ಹಬ್ಬಕ್ಕೆ ಇಪ್ಪತ್ತೊಂದು ಗರಿಕೆ ಹುಡುಕಿ ತರೋ ನಾವು ಎಳೆ ಕುಡಿ ಮಾತ್ರ ಕಿತ್ಕೊಂಡು ಬರ್ತೀವಿ. ಪಕ್ಕದಲ್ಲೇ ಸಣ್ಣ ಕಡ್ಡಿಯ ತುದಿಯಲ್ಲಿ ಮೂರೋ ಐದೋ ಬೆರಳು ಬಿಡಿಸಿಕೊಂಡು ನಿಂತಿರೋದು ಅದರ ಹೂಗೊಂಚಲು. ಅದನ್ನೊಮ್ಮೆ ಕಿತ್ತು ರಾಗಿ ತೆನೆಯ ಪಕ್ಕ ಇಟ್ಟು ನೋಡಿ. ಒಂದೇ ನಕ್ಷೆ! ರಾಗಿಯದು ದಪ್ಪ, ಗರಿಕೆಯದು ಸಪೂರ. ಬೆರಳಿನ ಒಂದೇ ಮಗ್ಗುಲಿಗೆ ಎರಡು ಸಾಲಾಗಿ ಒತ್ತಿಕೊಂಡ ಕಿರುತೆನೆಗಳು ಎರಡರಲ್ಲೂ ಇವೆ. ಇದು ಕಾಕತಾಳೀಯ ಅಲ್ಲ, ಹುಲ್ಲಿನ ಕುಲದಲ್ಲಿ ರಾಗಿ, ಗರಿಕೆ ಎರಡೂ ಒಂದೇ ಉಪಕುಟುಂಬದವು. ಮುದ್ದೆ ಉಣ್ಣೋರು ಗಣೇಶನಿಗೆ ಏರಿಸ್ತಿರೋದು ರಾಗಿಯ ನೆಂಟನನ್ನೇ :-)

ನಮ್ಮ ಶಾಲೆಗಳಲ್ಲಿ ಹೂ ಅಂದ್ರೆ ದಾಸವಾಳ. ದಳ, ಕೇಸರ, ಶಲಾಕೆ ಎಲ್ಲ ಬಿಡಿಸಿ ತೋರಿಸೋಕೆ ಅದು ಸುಲಭ, ಒಪ್ಪೋಣ. ಆದರೆ ನಾವು ದಿನಾ ಉಣ್ಣೋ ಅನ್ನ, ಮುದ್ದೆ, ರೊಟ್ಟಿ, ಚಪಾತಿ ಎಲ್ಲ ಬರೋದು ಹುಲ್ಲಿನ ಹೂವಿನಿಂದ. ಅದನ್ನ ಯಾರೂ ಬಿಡಿಸಿ ತೋರಿಸಲ್ಲ. ಪಠ್ಯಪುಸ್ತಕದಲ್ಲಿ 'ಪುಷ್ಪಮಂಜರಿ' ಅಂತ ಒಂದು ಪದ ಇರುತ್ತೆ, ಬಾಯಿಪಾಠ ಮಾಡಿ ಮರೀತೀವಿ. ಅದೇ ಗದ್ದೆಯ ಬದುವಿನ ಮೇಲೆ ನಿಂತು ಕೇಳಿ, ಎಷ್ಟು ಪದ ಬರ್ತಾವೆ ಅಂತ. ಭತ್ತ ಹೊಟ್ಟೆಯೊಳಗೆ ತೆನೆ ಇಟ್ಕೊಂಡಿದ್ರೆ ಅದು ಹೊಡೆ. ಹೊರಗೆ ಬಂದರೆ ತೆನೆ, ಕೆಲವು ಕಡೆ ಕದಿರು. ಕಬ್ಬಿನ ತುದಿಯಲ್ಲಿ ಬೆಳ್ಳಿ ಕುಚ್ಚಿನ ಹಾಗೆ ಏಳೋದು ಸೂಲಂಗಿ. ರಾಗಿಯ ಒಂದೊಂದು ಬೆರಳು ಇಲುಕು. ಒಳಗೆ ಕಾಳಿಲ್ಲದ್ದು ಜೊಳ್ಳು. ಹಸಿ ಜೋಳದ ತೆನೆ ಸುಟ್ಟು ತಿಂದರೆ ಸೀತನಿ, ಅಂದರೆ ಸಿಹಿ ತೆನೆ. ಮಂಗಳೂರಿನ ಕ್ರೈಸ್ತರು ಸೆಪ್ಟೆಂಬರ್ 8ಕ್ಕೆ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸಿ ಮನೆಗೆ ತರೋದಕ್ಕೆ ಕನ್ನಡದಲ್ಲಿ ತೆನೆ ಹಬ್ಬ ಅಂತಲೇ ಹೆಸರು. ಇಷ್ಟೆಲ್ಲ ಇದ್ದೂ ಪುಷ್ಪಮಂಜರಿ ಯಾಕೆ ಬೇಕಿತ್ತೋ! ಇರಲಿ, ಆ ಜಗಳ ಇನ್ನೊಂದು ದಿನಕ್ಕೆ.

ಹುಲ್ಲಿನ ಹೂವಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ದಳಗಳೇ ಇಲ್ಲ. ಗಾಳಿಯನ್ನ ನಂಬಿಕೊಂಡವಕ್ಕೆ ದುಂಬಿಯನ್ನ ಕರೆಯೋ ಹಂಗೇನು? ಭತ್ತದ ಹೂ ಬೆಳಗಿನ ಬಿಸಿಲೇರುವ ಹೊತ್ತಿಗೆ ಒಂದೆರಡು ಗಂಟೆ ತೆರೆದು ಮತ್ತೆ ಮುಚ್ಚಿಕೊಳ್ಳುತ್ತೆ. ಎರಡು ಹೊಟ್ಟಿನ ಬಾಗಿಲು ತೆರೆಯೋಕೆ ಒಳಗೆ ಸಣ್ಣ ಎರಡು ಗುಳ್ಳೆಗಳಿವೆ, ಅವು ನೀರು ಕುಡಿದು ಉಬ್ಬಿ ಬಾಗಿಲನ್ನ ತಳ್ಳುತ್ತವೆ. ದಳಗಳು ಕುಗ್ಗಿ ಹೀಗಾದವು ಅಂತ ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಇಂಥ ಒಂದೋ ಹಲವೋ ಪುಟಾಣಿ ಹೂಗಳು, ಅವುಗಳ ಬುಡಕ್ಕೆ ಸಾಮಾನ್ಯವಾಗಿ ಎರಡು ಪೊರೆ, ಇಷ್ಟು ಸೇರಿದರೆ ಒಂದು ಸ್ಪೈಕ್‌ಲೆಟ್. ನಾನು ಕಿರುತೆನೆ ಅಂತ ಕರೆಯೋದು ಇದನ್ನೇ. ಭತ್ತದ ಕಿರುತೆನೆಯಲ್ಲಿ ಒಂದೇ ಕಾಳು. ಗೋಧಿಯದರಲ್ಲಿ ಎರಡು, ಮೂರು, ಒಮ್ಮೊಮ್ಮೆ ಇನ್ನೂ ಹೆಚ್ಚು. ರಾಗಿಯದರಲ್ಲೂ ಹಲವು.

ಈಗ ಮಜಾ ನೋಡಿ. ಜಗತ್ತಿನಲ್ಲಿ 11,000ಕ್ಕೂ ಹೆಚ್ಚು ಜಾತಿಯ ಹುಲ್ಲುಗಳಿವೆ. ಹೆಚ್ಚುಕಮ್ಮಿ ಎಲ್ಲದರಲ್ಲೂ ಇಟ್ಟಿಗೆ ಇದೊಂದೇ, ಕಿರುತೆನೆ. ಅದನ್ನ ಜೋಡಿಸೋ ರೀತಿ ಮಾತ್ರ ಬೇರೆ ಬೇರೆ. ಕಡ್ಡಿಗೆ ನೇರ ಅಂಟಿಸಿದರೆ ಗೋಧಿ. ಕೊಂಬೆ, ಕೊಂಬೆಗೆ ಮರಿಕೊಂಬೆ ಮಾಡಿ ತುದಿಗೆ ತೂಗುಬಿಟ್ಟರೆ ಭತ್ತ, ಸಾಮೆ, ಬರಗು. ಕೊಂಬೆಗಳನ್ನೆಲ್ಲ ತುದಿಯಲ್ಲಿ ಒಟ್ಟಿಗೆ ತಂದರೆ ರಾಗಿ. ಕೊಂಬೆಗಳನ್ನ ತೀರಾ ಗಿಡ್ಡ ಮಾಡಿ ದಿಂಡಿಗೆ ಒತ್ತಿಬಿಟ್ಟರೆ ಸಜ್ಜೆ. ಬ್ರೆಜಿಲ್‌ನ ಬಾಹಿಯಾ ಕಾಡಿನಲ್ಲಿ ಅನೊಮೊಕ್ಲೋವಾ ಅಂತ ಒಂದು ಹುಲ್ಲಿದೆ, ಹುಲ್ಲಿನ ವಂಶವೃಕ್ಷದಲ್ಲಿ ಎಲ್ಲರಿಗಿಂತ ಮೊದಲು ಕವಲೊಡೆದ ಕೊಂಬೆಯದು. ಅದರಲ್ಲಿ ನಿಜವಾದ ಕಿರುತೆನೆಯೇ ಇಲ್ಲ, ಅದರ ಹೂಗೊಂಚಲನ್ನ ಹೇಗೆ ವಿವರಿಸಬೇಕು ಅಂತ ಪಂಡಿತರು ಈಗಲೂ ವಾದ ಮಾಡ್ತಾರೆ. ಹಾಗಾಗಿ ಕಿರುತೆನೆ ಹುಲ್ಲಿನ ಜೊತೆಗೇ ಹುಟ್ಟಿದ್ದಲ್ಲ, ಆಮೇಲೆ ಬಂದದ್ದು ಅಂತ ಊಹೆ. ಹುಲ್ಲು ಮಾತ್ರ ಬಹಳ ಹಳೇದು. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಡೈನೋಸಾರ್‌ ಕಾಲದ ಪಳೆಯುಳಿಕೆ ಸಗಣಿಯಲ್ಲಿ ಹುಲ್ಲಿನ ಸಿಲಿಕಾ ಕಣಗಳು ಇವೆ ಅಂತ 2005ರಲ್ಲಿ ವರದಿಯಾಯ್ತು. ಅಲ್ಲಿಯವರೆಗೆ ಡೈನೋಸಾರ್ ಹುಲ್ಲು ಮೇಯೋ ಚಿತ್ರ ಬರೆದರೆ ತಪ್ಪು ಅಂತಿದ್ರು.

ಒಂದೇ ಆಕಾರ ಕಂಡ ಮಾತ್ರಕ್ಕೆ ನೆಂಟಸ್ತನ ಹೇಳೋಕೂ ಆಗಲ್ಲ. ಗರಿಕೆ, ರಾಗಿ ನೆಂಟರು ನಿಜ. ಆದರೆ ಹೊಲದಲ್ಲಿ ಕಳೆಯಾಗಿ ಬರೋ ಡಿಜಿಟೇರಿಯಾ ಅನ್ನೋ ಹುಲ್ಲಿಗೂ ಇದೇ ಥರ ಬೆರಳುಗಳಿವೆ. ಅದು ನವಣೆ, ಸಜ್ಜೆಯ ಕಡೆಯದು. ಬೆರಳು ಬಿಡೋ ಉಪಾಯ ಹುಲ್ಲಿನ ಕುಲದಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೊಳೆದಿದೆ.

ನವಣೆಯ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ನವಣೆ ತೆನೆಯ ಮೇಲೆ ಬೆಕ್ಕಿನ ಬಾಲದ ಹಾಗೆ ರೋಮ ಇರುತ್ತಲ್ಲ, ಅದು ರೋಮವೂ ಅಲ್ಲ, ಭತ್ತ-ಗೋಧಿಗೆ ಇರೋ ಥರದ ಮೀಸೆಯೂ ಅಲ್ಲ. ಅವು ಕೊಂಬೆಗಳು! ಕಿರುತೆನೆ ಹೊರಬೇಕಿದ್ದ ಕೊಂಬೆ, ಅದನ್ನ ಬಿಟ್ಟು ಬರೀ ಕಡ್ಡಿಯಾಗಿ ಉಳಿದಿದೆ. ಎಳೇ ತೆನೆಯನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಿರುತೆನೆಯಾಗೋ ಮೊಗ್ಗು, ರೋಮವಾಗೋ ಮೊಗ್ಗು ಎರಡೂ ಒಟ್ಟಿಗೆ ಹುಟ್ಟುತ್ತವೆ. ಒಂದು ಬೆಳೆದು ಕಾಳಾಗುತ್ತೆ, ಇನ್ನೊಂದು ಕಾವಲಿಗೆ ನಿಲ್ಲುತ್ತೆ. ಎಕರೆಗೆ ಎಷ್ಟು ಕ್ವಿಂಟಾಲ್ ಅಂತ ಕೇಳೋರಿಗೆ ಇದು ಶುದ್ಧ ನಷ್ಟದ ಬಾಬ್ತು: ಇಷ್ಟೊಂದು ಕೊಂಬೆಗಳು ಕಾಳಿಲ್ಲದೆ ವೇಸ್ಟು! ತೆನೆ ಮೇಲೆ ಕೂರೋಕೆ ಬಂದ ಹಕ್ಕಿಯನ್ನ ಕೇಳಿದರೆ ಬೇರೆ ಲೆಕ್ಕ ಹೇಳುತ್ತೆ.

ಜೋಳದ ವಂಶದಲ್ಲಿ ಇನ್ನೊಂದು ಆಟ. ಅಲ್ಲಿ ಕಿರುತೆನೆಗಳು ಬರೋದೇ ಜೋಡಿ ಜೋಡಿಯಾಗಿ. ಬಿಳಿಜೋಳದಲ್ಲಿ ಜೋಡಿಯ ಒಂದಕ್ಕೆ ತೊಟ್ಟಿಲ್ಲ, ಅದರಲ್ಲಿ ಕಾಳು ಕಟ್ಟುತ್ತೆ. ತೊಟ್ಟಿರೋ ಇನ್ನೊಂದು ಗಂಡೋ ಬಂಜೆಯೋ ಆಗಿ ಒಣಗಿ ಹೋಗುತ್ತೆ. ಕಬ್ಬು, ಲಾವಂಚ, ಮಜ್ಜಿಗೆ ಹುಲ್ಲು, ಮುಸುಕಿನ ಜೋಳ ಎಲ್ಲ ಇದೇ ಮನೆತನ. ಆದರೆ ಮುಸುಕಿನ ಜೋಳದಲ್ಲಿ ಜೋಡಿಯ ಎರಡೂ ಕಾಳು ಕಟ್ಟುತ್ತವೆ. ಅದಕ್ಕೇ ಆ ತೆನೆಯಲ್ಲಿ ಕಾಳಿನ ಸಾಲುಗಳು ಸಮಸಂಖ್ಯೆಯಲ್ಲಿರುತ್ತವೆ, 12, 14, 16 ಹೀಗೆ. ಮಳೆಗಾಲದಲ್ಲಿ ಗಾಡಿಯವನ ಹತ್ತಿರ ಕೆಂಡದಲ್ಲಿ ಸುಟ್ಟ ಜೋಳ ತಗೊಂಡಾಗ ಉಪ್ಪು-ಖಾರ ಹಚ್ಚೋಕೆ ಮುಂಚೆ ಎಣಿಸಿ ನೋಡಿ.

ಇದೇ ಮುಸುಕಿನ ಜೋಳ ಮನುಷ್ಯ ತೆನೆಯನ್ನ ಎಷ್ಟು ಬದಲಾಯಿಸಬಲ್ಲ ಅನ್ನೋದಕ್ಕೆ ದೊಡ್ಡ ಸಾಕ್ಷಿ. ಅದರ ಕಾಡು ಮೂಲ ಮೆಕ್ಸಿಕೋದ ಟಿಯೋಸಿಂಟೆ. ಅದರ ತೆನೆ ಕಿರುಬೆರಳಿಗಿಂತ ಸಣ್ಣದು, ಹತ್ತಾರು ಕಾಳು, ಒಂದೊಂದಕ್ಕೂ ಕಲ್ಲಿನಂಥ ಕವಚ. ಸುಮಾರು 9,000 ವರ್ಷದ ಹಿಂದೆ ಮೆಕ್ಸಿಕೋದ ರೈತರು ಇದನ್ನ ಆರಿಸಿ ಆರಿಸಿ ಬೆಳೆಸಿದರು. ಕವಚ ತೆರೆದುಕೊಳ್ಳೋದರ ಹಿಂದೆ ಮುಖ್ಯವಾಗಿ ಒಂದೇ ಜೀನ್ ಇದೆ ಅಂತ 2005ರಲ್ಲಿ ತೋರಿಸಿದರು. ಉದ್ದುದ್ದ ಪಕ್ಕಕೊಂಬೆಗಳು ಗಿಡ್ಡವಾಗಿ, ಅವುಗಳ ಎಲೆಗಳೆಲ್ಲ ಒಂದರ ಮೇಲೊಂದು ಸುತ್ತಿಕೊಂಡು 'ಮುಸುಕು' ಆಗಿದ್ದರ ಹಿಂದೆಯೂ ಮುಖ್ಯವಾಗಿ ಒಂದು ಜೀನ್. ಹೆಸರಿಟ್ಟ ನಮ್ಮ ಹಿರಿಯರಿಗೆ ಜೀನ್ ಗೊತ್ತಿರಲಿಲ್ಲ, ಆದರೆ ನೋಡಬೇಕಾದ್ದನ್ನೇ ನೋಡಿದ್ದಾರೆ. ಭತ್ತದಲ್ಲೂ ಹಾಗೇ. ಮಾಗಿದ ಕಾಳು ಉದುರದೆ ತೆನೆಯಲ್ಲೇ ನಿಲ್ಲೋ ಗುಣಕ್ಕೆ ಕಾರಣವಾದ ಪುಟ್ಟ ಜೀನ್ ಬದಲಾವಣೆಗಳು 2006ರಲ್ಲಿ ಸಿಕ್ಕವು. ಒಂದು ಚಿಗುರು ಕೊಂಬೆಯಾಗಬೇಕೋ ಕಿರುತೆನೆಯಾಗಬೇಕೋ ಅನ್ನೋದನ್ನ ತೀರ್ಮಾನಿಸೋ ಒಂದು ಜೀನ್ ಭತ್ತ, ಗೋಧಿ, ಮುಸುಕಿನ ಜೋಳ ಮೂರರಲ್ಲೂ ಒಂದೇ ಮೂಲದ್ದು. ಅದು ಕೆಟ್ಟರೆ ಕಿರುತೆನೆ ಬರಬೇಕಾದಲ್ಲಿ ಕೊಂಬೆ ಮೇಲೆ ಕೊಂಬೆ ಬರ್ತಾ ಹೋಗುತ್ತೆ.

ಇಷ್ಟು ಗೊತ್ತಾದ ಮೇಲೆ ಯಾರಿಗಾದರೂ ಆಸೆ ಹುಟ್ಟುತ್ತೆ. ಕೊಂಬೆ ಹೆಚ್ಚು ಮಾಡೋಣ, ಕಾಳು ಹೆಚ್ಚಾಗುತ್ತೆ, ಮುಗೀತಲ್ಲ! ಮುಗಿಯಲ್ಲ.

ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು 1989ರ ಹೊತ್ತಿಗೆ 'ಹೊಸ ಮಾದರಿಯ ಗಿಡ' ಅಂತ ಒಂದು ಯೋಜನೆ ಶುರು ಮಾಡಿದರು. ತೆಂಡೆ ಕಡಿಮೆ, ಆದರೆ ಒಂದೊಂದು ತೆನೆಯಲ್ಲೂ 200-250 ಕಾಳು. ಕಾಗದದ ಮೇಲೆ ಲೆಕ್ಕ ಚೆನ್ನಾಗೇ ಇತ್ತು. ಗದ್ದೆಯಲ್ಲಿ ಮೊದಲ ಪೀಳಿಗೆಯ ಗಿಡಗಳು ದೊಡ್ಡ ತೆನೆ ಬಿಟ್ಟವು, ಕಾಳು ಮಾತ್ರ ತುಂಬಲಿಲ್ಲ. ಒತ್ತೊತ್ತಾದ ತೆನೆಯ ಮರಿಕೊಂಬೆಗಳ ಕಾಳಿಗೆ ಹಾಲು ತಲುಪೋದು ತಡ, ಜೊಳ್ಳು ಜಾಸ್ತಿ. ಇಳುವರಿ ಹಳೆಯ ಒಳ್ಳೆಯ ತಳಿಗಳನ್ನ ಮೀರಲಿಲ್ಲ, ಆಮೇಲೆ ಬೇರೆ ತಳಿಗಳ ಜೊತೆ ಅಡ್ಡ ಹಾಯಿಸಿ ಸುಧಾರಿಸಬೇಕಾಯ್ತು. ಗೋಧಿಯಲ್ಲೂ ಕವಲೊಡೆದ ತೆನೆಯ ಒಂದು ಹಳೇ ಬಗೆ ಇದೆ, ಇಂಗ್ಲಿಷಿನಲ್ಲಿ 'ಪವಾಡದ ಗೋಧಿ' ಅನ್ನೋ ಅರ್ಥದ ಹೆಸರು. ತೆನೆ ನೋಡಿದರೆ ಬಾಯಿ ತೆರೀಬೇಕು. ಕಾಳು ಜಾಸ್ತಿ, ಆದರೆ ಸಣ್ಣ. ಜಗತ್ತು ಇವತ್ತಿಗೂ ಕವಲಿಲ್ಲದ ಗೋಧಿಯನ್ನೇ ಬೆಳೀತಿದೆ. ಜವೆಗೋಧಿಯದ್ದೂ ಇದೇ ಕಥೆ. ಕಾಡು ಜವೆಗೋಧಿಯ ತೆನೆಯಲ್ಲಿ ಎರಡು ಸಾಲು ಕಾಳು. ಒಂದು ಜೀನ್ ಕೆಟ್ಟಿದ್ದರಿಂದ ಆರು ಸಾಲಾಯ್ತು, ಅದು ಯಾವ ಜೀನ್ ಅಂತ 2007ರಲ್ಲಿ ಗೊತ್ತಾಯ್ತು. ಮೂರು ಪಟ್ಟು ಕಾಳು ಅಂತ ಎಲ್ಲರೂ ಆರು ಸಾಲಿಗೇ ಹೋದರಾ? ಇಲ್ಲ. ಕಾಳು ಒಂದೇ ಗಾತ್ರದ್ದು ಬೇಕು ಅನ್ನೋ ಬಿಯರ್‌ ಮಾಡೋರಲ್ಲಿ ಬಹಳ ಜನ ಎರಡು ಸಾಲಿನದನ್ನೇ ಕೇಳ್ತಾರೆ.

ಒತ್ತು ತೆನೆ ಎಲ್ಲಿಯೂ ಕೆಲಸ ಮಾಡಲ್ಲ ಅಂತ ನಾನು ಹೇಳ್ತಿಲ್ಲ. ಚೀನಾದ ಈಶಾನ್ಯ ಭಾಗದಲ್ಲಿ ನೆಟ್ಟಗೆ ನಿಲ್ಲೋ ಒತ್ತು ತೆನೆಯ ಭತ್ತವೇ ಯಶಸ್ವಿ, ಅದರ ಜೀನೂ 2009ರಲ್ಲಿ ಸಿಕ್ಕಿದೆ. ಅಲ್ಲಿಗೆ ಅದು ಸರಿ. ನನ್ನ ಮಾತು ಇಷ್ಟೇ, ಎಲ್ಲಿಗೆ ಅಂತ ಕೇಳದೆ ತೆನೆ ಒಳ್ಳೇದು ಕೆಟ್ಟದ್ದು ಅನ್ನಬೇಡಿ.

ಇದಕ್ಕೆ ದೂರ ಹೋಗೋದೇ ಬೇಡ, ನಮ್ಮ ಬಿಳಿಜೋಳ ಸಾಕು. ಹಾರ್ಲನ್ ಮತ್ತು ಡಿ ವೆಟ್ ಅನ್ನೋ ಇಬ್ಬರು 1972ರಲ್ಲಿ ಜೋಳವನ್ನ ಐದು ಮುಖ್ಯ ಗುಂಪಾಗಿ ವಿಂಗಡಿಸಿದರು, ತೆನೆಯ ಆಕಾರ ಮತ್ತು ಕಿರುತೆನೆಯನ್ನೇ ನೋಡಿಕೊಂಡು. ಪಶ್ಚಿಮ ಆಫ್ರಿಕಾದ ಹೆಚ್ಚು ಮಳೆ ಬೀಳೋ ಕಡೆಯ 'ಗಿನಿ' ಜೋಳದ ತೆನೆ ಬಿಡಿಬಿಡಿ, ಕೊಂಬೆಗಳು ಜೋತಾಡ್ತಾ ಇರ್ತವೆ. ಮಾಗಿದಾಗ ಹೊಟ್ಟು ಬಾಯಿ ಬಿಟ್ಟು ಕಾಳು ಪಕ್ಕಕ್ಕೆ ತಿರುಗಿ ನಿಲ್ಲುತ್ತೆ. ಮಳೆ ಬಂದು ನಿಂತರೆ ಗಾಳಿಯಾಡಿ ಬೇಗ ಒಣಗುತ್ತೆ. ಒಣ ನಾಡಿನ 'ದುರ್ರಾ' ಗುಂಪಿನದು ಇದಕ್ಕೆ ಪೂರ್ತಿ ಉಲ್ಟಾ, ಒತ್ತಾದ ತೆನೆ, ಎಷ್ಟೋ ತಳಿಗಳಲ್ಲಿ ಬಾತುಕೋಳಿ ಕತ್ತಿನ ಹಾಗೆ ಬಾಗಿದ ದಂಟು. ವಿಜಯಪುರ, ಕಲಬುರಗಿಯ ಎರೆಹೊಲದ ಹಿಂಗಾರಿ ಜೋಳ ಈ ಕಡೆಯದು. ಮಳೆಗಾಲ ಮುಗಿದ ಮೇಲೆ ಬಿತ್ತಿ, ನೆಲದಲ್ಲಿ ಉಳಿದ ತೇವದಲ್ಲೇ ಬೆಳೆದು, ಚಳಿಯ ಒಣಹವೆಯಲ್ಲಿ ಕಾಳು ಕಟ್ಟೋ ಬೆಳೆಗೆ ಬೂಷ್ಟಿನ ಭಯ ಏನು?

1964ರಲ್ಲಿ ಸಿಎಸ್‌ಎಚ್-1 ಅನ್ನೋ ಮೊದಲ ಹೈಬ್ರಿಡ್ ಜೋಳ ಬಂತು. ಅದರ ಹಿಂದೆಯೇ ಮುಂಗಾರಿಗೆ ಬೇಗ ಮಾಗೋ, ಗಿಡ್ಡ ಗಿಡದ ಹೈಬ್ರಿಡ್‌ಗಳ ಸಾಲು. ಇಳುವರಿ ಏರಿದ್ದು ನಿಜ. ಜೊತೆಗೆ ಆದದ್ದು ಏನಂದ್ರೆ, ಮಳೆ ಇನ್ನೂ ಬೀಳ್ತಿರುವಾಗಲೇ ಇವು ಮಾಗುತ್ತಿದ್ದವು. ಒತ್ತಾದ ತೆನೆಯೊಳಗೆ ನೀರು ಕೂತು ಕಾಳಿಗೆ ಬೂಷ್ಟು ಹತ್ತಿ ಕಪ್ಪಾಗುತ್ತಿತ್ತು. ಕಪ್ಪು ಜೋಳದ ರೊಟ್ಟಿ ಯಾರು ತಿಂತಾರೆ? ಬಹಳಷ್ಟು ಕೋಳಿ-ದನದ ಮೇವಿಗೆ ಹೋಯ್ತು. ಮುಂಗಾರಿ ಜೋಳದ ಹೊಲ ಕುಗ್ಗಿದ್ದಕ್ಕೆ ಇದೊಂದೇ ಕಾರಣ ಅಲ್ಲ, ಆದರೆ ಇದೂ ಒಂದು. ಬೂಷ್ಟು ತಡೆಯೋ ಗುಣಗಳ ಪಟ್ಟಿಯಲ್ಲಿ ಬಿಡಿ ತೆನೆಯನ್ನೂ ತಳಿವಿಜ್ಞಾನಿಗಳು ಆಮೇಲೆ ಸೇರಿಸಿದರು. ಗಿನಿ ಕಡೆಯ ರೈತರು ಆ ಪಟ್ಟಿಯನ್ನ ಎಷ್ಟೋ ಕಾಲದ ಹಿಂದೆಯೇ ಹೊಲದಲ್ಲಿ ಬರೆದಿಟ್ಟಿದ್ದರಲ್ಲ! ಅತ್ತ ಹಿಂಗಾರಿಯಲ್ಲಿ ಹಳೇ ಮಾಲದಂಡಿ ಆಯ್ಕೆ ಎಂ 35-1, ಅರೆ ಒತ್ತಿನ ತೆನೆ, ಮುತ್ತಿನಂಥ ಕಾಳು, ಎತ್ತರದ ಕಣಿಕೆ. ಎಷ್ಟೋ ಹೊಸ ತಳಿಗಳು ಬಂದರೂ ರೈತರು ಅದನ್ನ ಬಿಟ್ಟಿಲ್ಲ. ಅವರನ್ನ 'ಹಳೇ ಪದ್ಧತಿಗೆ ಅಂಟಿಕೊಂಡವರು' ಅಂತ ಬೈಯೋರನ್ನ ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತೆ.

ಹಾಗಂತ ತಳಿ ಸುಧಾರಣೆಯೇ ಬೇಡ ಅನ್ನೋ ಗುಂಪಿಗೆ ನನ್ನನ್ನ ಸೇರಿಸಬೇಡಿ. ರಾಗಿ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಅಡ್ಡ ಹಾಯಿಸಿ 'ಇಂಡಾಫ್' ತಳಿಗಳನ್ನ ಮಾಡಿದರು. ಇಂಡಿಯಾ, ಆಫ್ರಿಕಾ ಸೇರಿ ಇಂಡಾಫ್. ರಾಗಿಯ ಹೂವಿನಲ್ಲಿ ಅಡ್ಡ ಹಾಯಿಸೋದು ಎಂಥ ಕೆಲಸ ಅಂತ ಆ ಹೂ ನೋಡಿದವರಿಗೇ ಗೊತ್ತು, ಸಾಸಿವೆಗಿಂತ ಸಣ್ಣ ಸಂಸಾರ ಅದು. ಆ ತಳಿಗಳಿಂದ ಈ ನಾಡಿನ ರಾಗಿಯ ಕಣಜ ತುಂಬಿತು. ಅವರು ಗೆದ್ದದ್ದು ರಾಗಿಯ ಬಗೆಬಗೆಯ ಗಿಡಗಳು ಕೈಗೆ ಸಿಕ್ಕಿದ್ದರಿಂದ. ರಾಗಿ ತೆನೆಯಲ್ಲೇ ಎಷ್ಟು ಬಗೆ! ಅಂಗೈ ಬಿಚ್ಚಿದ ಹಾಗೆ ನೆಟ್ಟಗಿರೋದು, ತುದಿ ಒಳಕ್ಕೆ ಬಾಗಿರೋದು, ಮುಷ್ಟಿ ಕಟ್ಟಿದ ಹಾಗಿರೋದು, ಇಲುಕೇ ಕವಲೊಡೆದು ಕೋಳಿಜುಟ್ಟಿನ ಹಾಗೆ ಆಗಿರೋದು. ಇವೆಲ್ಲ ಹೊಲದಲ್ಲಿ ಉಳಿದಿದ್ದರೆ ಮುಂದಿನ ಲಕ್ಷ್ಮಣಯ್ಯನಿಗೆ ಕೆಲಸ ಇರುತ್ತೆ. ಎಲ್ಲ ಕಡೆ ಒಂದೇ ಬಗೆ ಆದ ಮೇಲೆ ಯಾವುದಕ್ಕೆ ಯಾವುದನ್ನ ಅಡ್ಡ ಹಾಯಿಸ್ತೀರಿ? ಜೀನ್ ಬ್ಯಾಂಕಿನ ಫ್ರಿಜ್ಜಿನಲ್ಲಿ ಬೀಜ ಇದೆ ಅಂತಾರೆ. ಇರಲಿ, ಒಳ್ಳೇದೇ. ಫ್ರಿಜ್ಜಿನೊಳಗಿನ ಬೀಜ ಮಳೆ ನೋಡಲ್ಲ, ಹಕ್ಕಿ ನೋಡಲ್ಲ, ಹೊಸ ಬೆಂಕಿ ರೋಗವನ್ನೂ ನೋಡಲ್ಲ.

ಇನ್ನು ಸಿರಿಧಾನ್ಯದ ಭರಾಟೆ. ನಮ್ಮ ದೇಶ 2018ನ್ನ, ವಿಶ್ವಸಂಸ್ಥೆ 2023ನ್ನ ಸಿರಿಧಾನ್ಯದ ವರ್ಷ ಅಂತ ಆಚರಿಸಿದವು. ಮೇಳಗಳಾದವು, ಪ್ಯಾಕೆಟ್‌ಗಳು ಬಂದವು, ಸಂತೋಷ. ಆದರೆ ಆ ಪ್ಯಾಕೆಟ್‌ಗಳನ್ನ ಸಾಲಾಗಿ ಇಟ್ಟು ಹೆಸರು ಮುಚ್ಚಿ ನೋಡಿ. ಹೊಟ್ಟು ತೆಗೆದ ಸಾಮೆ, ಊದಲು, ಹಾರಕ, ಕೊರಲೆ... ಎಷ್ಟು ಜನ ಗುರುತು ಹಿಡೀತೀರಿ? ಎಲ್ಲ ಬೆಳ್ಳನೆ ಸಣ್ಣ ಕಾಳು. ಅದೇ ಹೊಲಕ್ಕೆ ಹೋದರೆ ಮಗು ಕೂಡ ಹೇಳುತ್ತೆ. ಸಾಮೆ ಜಿನುಗು ಮಳೆಯ ಹಾಗೆ ಬಿಡಿಬಿಡಿ. ಊದಲಿನದು ದಿಂಡಿಗೆ ಒತ್ತಿದ ದಪ್ಪ ದಪ್ಪ ತುಂಡು ಕೊಂಬೆಗಳು. ಹಾರಕದ್ದು ಒಂದೇ ಮಗ್ಗುಲಿಗೆ ಚಪ್ಪಟೆ ಕಾಳು ಪೋಣಿಸಿದ ಕೆಲವೇ ಕೊಂಬೆ. ಅಂದ ಹಾಗೆ ಊದಲಿನ ಕಾಡು ಜಾತಿಗಳು ಭತ್ತದ ಗದ್ದೆಯ ದೊಡ್ಡ ಕಳೆ, ಎಳೆಯದರಲ್ಲಿ ಥೇಟ್ ಭತ್ತದ ಹಾಗೇ ವೇಷ ಹಾಕಿಕೊಂಡಿರ್ತವೆ. ಕಳೆ ಕೀಳೋರ ಕಣ್ಣು ತಪ್ಪಿಸಿಕೊಂಡವು ತೆನೆ ಹೊರಗೆ ಬಂದಾಗ ಮಾತ್ರ ಸಿಕ್ಕಿಬೀಳ್ತವೆ.

ಕನಕದಾಸರ 'ರಾಮಧಾನ್ಯ ಚರಿತೆ' ನೆನಪಿದೆಯಾ? ಭತ್ತಕ್ಕೂ ರಾಗಿಗೂ ಯಾರು ದೊಡ್ಡವರು ಅಂತ ಜಗಳ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷೆ ಮಾಡ್ತಾನೆ. ಅದರಲ್ಲಿ ರಾಗಿಗೆ ಇರೋ ಹೆಸರು ನರೆದಲೆಗ, ತಲೆ ನರೆತವನು. ಈ ಹೆಸರು ಕಾಳನ್ನ ನೋಡಿ ಇಟ್ಟದ್ದಲ್ಲ, ಹೊಲದಲ್ಲಿ ನಿಂತ ತೆನೆಯನ್ನ ನೋಡಿ ಇಟ್ಟದ್ದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತೆ. ಅಂಗಡಿಯಲ್ಲಿ ಪ್ಯಾಕೆಟ್ ಕೊಂಡವರಿಗೆ ಈ ಹೆಸರು ಹೊಳೆಯೋಕೆ ಸಾಧ್ಯವೇ ಇಲ್ಲ.

ಹಾಗಾಗಿ ನನ್ನದೊಂದು ಬೇಡಿಕೆ ಇದೆ. ಹೊಸ ತಳಿ ಬಿಡುಗಡೆ ಮಾಡೋರು ಕ್ವಿಂಟಾಲಿನ ಪಕ್ಕದಲ್ಲಿ ಇನ್ನೊಂದು ಸಾಲು ಬರೀಲಿ: ತೆನೆ ಹೇಗಿದೆ, ಅದು ಮಾಗೋ ಹೊತ್ತಿಗೆ ಯಾವ ಊರಿನಲ್ಲಿ ಮಳೆ ಇರುತ್ತೆ, ಎಲ್ಲಿ ಇರಲ್ಲ. ಈ ವಿವರ ಅವರ ಹತ್ತಿರ ಇದ್ದೇ ಇದೆ. ತಳಿ ನೋಂದಣಿ ಮಾಡೋವಾಗ ತೆನೆಯ ಆಕಾರ, ಒತ್ತು ಎಲ್ಲ ಅಳೆದು ಬರೆದಿರ್ತಾರೆ. ರೈತರ ಕೈಗೆ ಕೊಡೋ ಕರಪತ್ರದಲ್ಲಿ ಅದು ಮಾಯ.

ನಿಮಗೂ ಒಂದು ಕೆಲಸ. ನಿಮ್ಮ ಕಡೆ ಬಿಡಿ ತೆನೆಗೆ, ಒತ್ತು ತೆನೆಗೆ, ಮುಷ್ಟಿ ರಾಗಿಗೆ, ಮೀಸೆ ಭತ್ತಕ್ಕೆ ಏನಂತ ಕರೀತಾರೆ? ಅಜ್ಜ-ಅಜ್ಜಿಯರಿದ್ದರೆ ಕೇಳಿ, ಊರಿನ ಹೆಸರು ಸೇರಿಸಿ ಕೆಳಗೆ ಬರೀರಿ. ಹಳೇ ಮೈಸೂರಿನ ಕಡೆಯ ಹೆಸರುಗಳು ನನ್ನ ಹತ್ತಿರ ಒಂದಷ್ಟಿವೆ, ಕಲ್ಯಾಣ ಕರ್ನಾಟಕದ್ದು ಏನೂ ಇಲ್ಲ. ಕಲಬುರಗಿ-ರಾಯಚೂರಿನವರು ದಯವಿಟ್ಟು ಮೊದಲು ಶುರು ಮಾಡಿ.